ಶ್ರವಣಾತೀತ ಶಬ್ದ ಮತ್ತು ಮಿದುಳಿನ ಅರ್ಬುದಕ್ಕೆ ಔಷಧಪ್ರವೇಶ

೧. ಔಷಧವಿದ್ದೂ ಇಲ್ಲದ ಸ್ಥಿತಿ

ಅರ್ಬುದರೋಗದ, ಅಂದರೆ ಜನರು ಕ್ಯಾನ್ಸರ್ ಎಂದು ಕರೆಯುವ ವ್ಯಾಧಿಯ ಚಿಕಿತ್ಸೆಯಲ್ಲಿ ವೈದ್ಯಶಾಸ್ತ್ರಕ್ಕೆ ಒದಗಿರುವ ಕಷ್ಟವು ಕೇವಲ ಔಷಧದ ಅಭಾವದಿಂದ ಉಂಟಾದುದಲ್ಲ. ರೋಗಗ್ರಸ್ತವಾದ ಜೀವಕೋಶಗಳನ್ನು ಗಾಜಿನ ಬಟ್ಟಲಿನಲ್ಲಿಟ್ಟು ಪರೀಕ್ಷಿಸಿದರೆ ಅವುಗಳನ್ನು ಕೊಲ್ಲಬಲ್ಲ ದ್ರವ್ಯಗಳು ಅನೇಕವಿವೆ. ಆದರೆ ರೋಗಿಯ ಶರೀರವು ಗಾಜಿನ ಬಟ್ಟಲಲ್ಲ. ರಕ್ತನಾಳಕ್ಕೆ ಸೇರಿಸಿದ ಔಷಧವು ರಕ್ತವು ಹರಿಯುವಲ್ಲೆಲ್ಲ ಹರಿಯುವುದು. ಗೆಡ್ಡೆಗೆ ದೊರೆಯುವುದು ಅದರ ಅತ್ಯಲ್ಪ ಭಾಗ, ಉಳಿದುದೆಲ್ಲ ಆರೋಗ್ಯವಾಗಿರುವ ಅಂಗಗಳ ಪಾಲು. ಡಾಕ್ಸೊರುಬಿಸಿನ್ ಎಂಬ ಪ್ರಬಲವಾದ ಔಷಧವು ಇದಕ್ಕೆ ನಿದರ್ಶನ. ರೋಗಿಗೆ ಕೊಟ್ಟ ಒಟ್ಟು ಪ್ರಮಾಣವು ಒಂದು ಮಿತಿಯನ್ನು ಮೀರಿದರೆ ಹೃದಯದ ಮಾಂಸಖಂಡವೇ ದುರ್ಬಲವಾಗುವ ಭಯವುಂಟು; ಆದುದರಿಂದ ಗೆಡ್ಡೆಯು ಇನ್ನೂ ಉಳಿದಿದ್ದರೂ ಔಷಧವನ್ನು ನಿಲ್ಲಿಸಬೇಕಾಗುವುದು.

ಮಿದುಳಿನ ಅರ್ಬುದದಲ್ಲಿ ಈ ಕಷ್ಟವು ಇನ್ನೊಂದು ರೂಪವನ್ನು ತಾಳುತ್ತದೆ. ಅಲ್ಲಿ ಔಷಧವು ಬೇಡದ ಕಡೆಗೆ ಹೋಗುವುದು ಮಾತ್ರವಲ್ಲ, ಬೇಕಾದ ಕಡೆಗೆ ಬಹುಮಟ್ಟಿಗೆ ಹೋಗುವುದೇ ಇಲ್ಲ. ಮಿದುಳಿನಲ್ಲೇ ಹುಟ್ಟುವ ಅರ್ಬುದಗಳಲ್ಲಿ ಗ್ಲಿಯೊಬ್ಲಾಸ್ಟೋಮ ಎಂಬುದು ಅತ್ಯಂತ ಕ್ರೂರವಾದದ್ದು. ೨೦೦೫ರಲ್ಲಿ ಪ್ರಕಟವಾದ, ೫೭೩ ರೋಗಿಗಳನ್ನೊಳಗೊಂಡ ಪ್ರಸಿದ್ಧ ಪರೀಕ್ಷೆಯೊಂದರಲ್ಲಿ, ಕಿರಣಚಿಕಿತ್ಸೆಯೊಂದನ್ನೇ ಪಡೆದವರು ಬದುಕಿದ್ದ ಮಧ್ಯಮಾವಧಿಯು ೧೨.೧ ತಿಂಗಳು, ಅದರೊಡನೆ ಟೆಮೊಜೊಲೊಮೈಡ್ ಎಂಬ ಔಷಧವನ್ನೂ ಪಡೆದವರದು ೧೪.೬ ತಿಂಗಳು. ಈ ಎರಡೂವರೆ ತಿಂಗಳ ಲಾಭವೇ ಆ ರೋಗದ ಚಿಕಿತ್ಸೆಯಲ್ಲಿ ಒಂದು ಮುಖ್ಯ ಘಟ್ಟವೆಂದು ಪರಿಗಣಿತವಾಯಿತು. ಇದಕ್ಕಿಂತ ಬಲವಾದ ಔಷಧಗಳು ಬೇರೆ ಅರ್ಬುದಗಳಿಗೆ ಬಳಕೆಯಲ್ಲಿದ್ದರೂ ಮಿದುಳಿನ ರೋಗಿಗೆ ಅವು ಇದ್ದೂ ಇಲ್ಲದಂತಾಗಿವೆ.

ಶಬ್ದದ ಸಹಾಯದಿಂದ ಈ ಸ್ಥಿತಿಯನ್ನು ಬದಲಿಸುವುದು ಸಾಧ್ಯವೆ ಎಂಬುದು ಕೆಲವು ದಶಕಗಳಿಂದ ನಡೆದುಬಂದಿರುವ ಸಂಶೋಧನೆಯ ವಿಷಯ. ಮನುಷ್ಯನ ಕಿವಿಗೆ ಕೇಳದ ಶಬ್ದತರಂಗಗಳನ್ನು ಮಿದುಳಿನ ಗೊತ್ತಾದ ಸ್ಥಳಕ್ಕೆ ಕಳುಹಿಸಿ, ಅಲ್ಲಿಯ ರಕ್ತನಾಳಗಳ ತಡೆಯನ್ನು ಕೆಲವು ಗಂಟೆಗಳ ಮಟ್ಟಿಗೆ ಸಡಿಲಿಸಿ, ಆ ಅವಧಿಯಲ್ಲಿ ಔಷಧವನ್ನು ಒಳಹೊಗಿಸುವುದು ಇದರ ಸಾರಾಂಶ. ಈ ವಿಧಾನವನ್ನು ತಿಳಿಯಬೇಕಾದರೆ ಮೊದಲು ಆ ತಡೆಯ ಸ್ವರೂಪವನ್ನೂ, ಬಳಿಕ ಶ್ರವಣಾತೀತ ಶಬ್ದದ ಗುಣಗಳನ್ನೂ ವಿಚಾರಿಸಬೇಕು.

೨. ರಕ್ತಕ್ಕೂ ಮಿದುಳಿಗೂ ನಡುವಣ ತಡೆ

ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ ಎಂಬಾತನು ೧೮೮೫ರಲ್ಲಿ ಕೆಲವು ಬಣ್ಣಗಳನ್ನು ಪ್ರಾಣಿಗಳ ರಕ್ತಕ್ಕೆ ಸೇರಿಸಿ, ಶರೀರದ ಇತರ ಅಂಗಗಳೆಲ್ಲ ಬಣ್ಣವನ್ನು ಹಿಡಿದರೂ ಮಿದುಳು ಮಾತ್ರ ಹಿಡಿಯದಿದ್ದುದನ್ನು ಕಂಡನು. ಮಿದುಳಿಗೆ ಆ ಬಣ್ಣಗಳಲ್ಲಿ ಆಕರ್ಷಣೆಯಿಲ್ಲವೆಂದು ಅವನು ಊಹಿಸಿದನು. ಅವನ ಶಿಷ್ಯನಾದ ಎಡ್ವಿನ್ ಗೋಲ್ಡ್‌ಮನ್ ೧೯೧೩ರಲ್ಲಿ ಅಂತಹ ಬಣ್ಣವನ್ನು ರಕ್ತಕ್ಕೆ ಬದಲಾಗಿ ಮಿದುಳನ್ನು ಸುತ್ತುವರಿದ ದ್ರವಕ್ಕೇ ಸೇರಿಸಿದನು. ಆಗ ಮಿದುಳು ಬಣ್ಣವನ್ನು ಚೆನ್ನಾಗಿ ಹಿಡಿಯಿತು. ಶರೀರದ ಉಳಿದ ಭಾಗಗಳು ಬಿಳಿಚಾಗಿಯೇ ಉಳಿದುವು. ಇದರಿಂದ ಗುರುವಿನ ಊಹೆಯು ಬಿದ್ದುಹೋಗಿ, ರಕ್ತಕ್ಕೂ ಮಿದುಳಿಗೂ ಮಧ್ಯೆ ಒಂದು ತಡೆಯಿದೆಯೆಂಬುದು ವ್ಯಕ್ತವಾಯಿತು. ಆ ತಡೆಯು ಎಲ್ಲಿದೆಯೆಂಬುದು ೧೯೬೭ರಲ್ಲಿ ರೀಸ್ ಮತ್ತು ಕಾರ್ನೋವ್‌ಸ್ಕಿ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ನಡೆಸಿದ ಪರೀಕ್ಷೆಯಲ್ಲಿ ಸ್ಪಷ್ಟವಾಯಿತು. ಮಿದುಳಿನ ಲೋಮನಾಳಗಳ ಒಳಮೈಯ ಜೀವಕೋಶಗಳು ಒಂದಕ್ಕೊಂದು ಸಂದಿಲ್ಲದಂತೆ ಬೆಸೆದುಕೊಂಡಿವೆ. ಇತರ ಅಂಗಗಳ ಲೋಮನಾಳಗಳಲ್ಲಿ ಕಾಣುವ ಬಿರುಕುಗಳು ಇಲ್ಲಿಲ್ಲ.

ಇದು ಪ್ರಕೃತಿಯ ದೋಷವಲ್ಲ. ರಕ್ತದಲ್ಲಿ ಸುಳಿದಾಡುವ ವಿಷಗಳಿಂದಲೂ ರೋಗಾಣುಗಳಿಂದಲೂ ಮಿದುಳನ್ನು ಕಾಪಾಡುವುದು ಇದರ ಕೆಲಸ. ಪ್ರಾಣವಾಯು ಇದನ್ನು ಸುಲಭವಾಗಿ ದಾಟುವುದು. ಸಕ್ಕರೆಯಂತಹ ಆಹಾರದ್ರವ್ಯಗಳನ್ನು ಸಾಗಿಸುವುದಕ್ಕೆ ಜೀವಕೋಶಗಳಲ್ಲಿಯೇ ಪ್ರತ್ಯೇಕ ಏರ್ಪಾಡುಂಟು. ಕೊಬ್ಬಿನಲ್ಲಿ ಕರಗಬಲ್ಲ ಚಿಕ್ಕ ಅಣುಗಳು ಕೆಲವು ಹಾಯುವುವು. ಟೆಮೊಜೊಲೊಮೈಡಿನ ಅಣುಭಾರವು ಸುಮಾರು ೧೯೪. ಅದು ತಕ್ಕಮಟ್ಟಿಗೆ ಒಳಹೋಗಬಲ್ಲುದು. ಡಾಕ್ಸೊರುಬಿಸಿನ್ನಿನದು ಸುಮಾರು ೫೪೪. ಸ್ತನದ ಅರ್ಬುದಕ್ಕೆ ಕೊಡುವ ಟ್ರಾಸ್ಟುಜುಮಾಬ್ ಎಂಬ ಪ್ರತಿಕಾಯದ್ದಾದರೋ ಒಂದು ಲಕ್ಷಕ್ಕೂ ಮೀರಿದುದು. ಇಂಥವಕ್ಕೆ ಬಾಗಿಲು ಮುಚ್ಚಿದೆ. ಅಲ್ಲದೆ, ಹೇಗೋ ಒಳನುಸುಳಿದ ಅನ್ಯದ್ರವ್ಯಗಳನ್ನು ಮತ್ತೆ ರಕ್ತಕ್ಕೆ ತಳ್ಳುವ ಶಕ್ತಿಯೂ ಆ ಜೀವಕೋಶಗಳಿಗೆ ಇದೆ.

ಗೆಡ್ಡೆಯು ಬೆಳೆದ ಮಧ್ಯಭಾಗದಲ್ಲಿ ರಕ್ತನಾಳಗಳು ಶಿಥಿಲವಾಗಿ ತಡೆಯು ಸೋರುವುದುಂಟು. ಆದರೆ ಆ ಭಾಗವನ್ನು ಸಾಧ್ಯವಾದಷ್ಟು ಮಟ್ಟಿಗೆ ಶಸ್ತ್ರವೈದ್ಯರು ಕತ್ತರಿಸಿ ತೆಗೆಯುತ್ತಾರೆ. ಗೆಡ್ಡೆಯ ಅಂಚಿನಿಂದ ಆರೋಗ್ಯವಾಗಿರುವ ಮಿದುಳಿನೊಳಕ್ಕೆ ಬೇರುಗಳಂತೆ ಹರಡಿದ ಜೀವಕೋಶಗಳು ಮಾತ್ರ ಕತ್ತಿಗೂ ಸಿಕ್ಕುವುದಿಲ್ಲ. ಅವುಗಳ ಸುತ್ತಲಿನ ರಕ್ತನಾಳಗಳ ತಡೆಯು ಬಹುಮಟ್ಟಿಗೆ ಅಭಂಗವಾಗಿರುವುದರಿಂದ ಔಷಧಕ್ಕೂ ಸಿಕ್ಕುವುದಿಲ್ಲ. ರೋಗವು ಮರುಕಳಿಸುವುದು ಹೆಚ್ಚಾಗಿ ಈ ಅಂಚಿನಿಂದಲೇ.

ತಡೆಯನ್ನು ದಾಟುವುದಕ್ಕೆ ಹಿಂದೆಯೂ ಪ್ರಯತ್ನಗಳು ನಡೆದಿವೆ. ಮ್ಯಾನಿಟಾಲ್ ಎಂಬ ದ್ರವ್ಯದ ಗಾಢದ್ರಾವಣವನ್ನು ಮಿದುಳಿಗೆ ಹೋಗುವ ಅಪಧಮನಿಗೆ ಸೇರಿಸಿದರೆ ಲೋಮನಾಳಗಳ ಜೀವಕೋಶಗಳು ನೀರನ್ನು ಕಳೆದುಕೊಂಡು ಕುಗ್ಗಿ ಸಂದುಗಳು ತೆರೆಯುವುವು. ಆದರೆ ಆ ಅಪಧಮನಿಯ ವ್ಯಾಪ್ತಿಯೆಲ್ಲವೂ ಒಮ್ಮೆಗೇ ತೆರೆದುಕೊಳ್ಳುವುದು. ಔಷಧವನ್ನು ತುಂಬಿದ ಬಿಲ್ಲೆಗಳನ್ನು ಶಸ್ತ್ರಕ್ರಿಯೆಯ ಕಾಲದಲ್ಲಿಯೇ ಗೆಡ್ಡೆಯಿದ್ದ ಗುಳಿಯಲ್ಲಿಡುವ ಕ್ರಮಕ್ಕೆ ಅಮೆರಿಕದಲ್ಲಿ ೧೯೯೬ರಲ್ಲಿ ಅನುಮತಿ ದೊರೆಯಿತು. ಅವುಗಳಿಂದ ಔಷಧವು ಹಬ್ಬುವುದು ಕೆಲವೇ ಮಿಲಿಮೀಟರುಗಳಷ್ಟು ದೂರಕ್ಕೆ. ಮೊದಲನೆಯದಕ್ಕೆ ಸ್ಥಳದ ನಿಯಮವಿಲ್ಲ, ಎರಡನೆಯದಕ್ಕೆ ವ್ಯಾಪ್ತಿಯಿಲ್ಲ.

೩. ಕೇಳದ ಶಬ್ದ

ಸೆಕೆಂಡಿಗೆ ಸುಮಾರು ೨೦,೦೦೦ಕ್ಕಿಂತ ಹೆಚ್ಚು ಸಲ ಕಂಪಿಸುವ ಶಬ್ದವು ಮನುಷ್ಯನ ಕಿವಿಗೆ ಗೋಚರವಲ್ಲ. ಅದೇ ಶ್ರವಣಾತೀತ ಶಬ್ದ. ಆಸ್ಪತ್ರೆಗಳಲ್ಲಿ ಅಲ್ಟ್ರಾಸೌಂಡ್ ಎಂದು ರೂಢಿಯಲ್ಲಿರುವುದೂ ಇದೇ. ಪಿಯರ್ ಕ್ಯೂರಿ ಮತ್ತು ಅವನ ಅಣ್ಣನಾದ ಜಾಕ್ ಕ್ಯೂರಿ ೧೮೮೦ರಲ್ಲಿ ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮೈಯಲ್ಲಿ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ಇದರ ವಿಪರ್ಯಯವೂ ನಿಜ: ಹರಳಿಗೆ ವಿದ್ಯುತ್ತನ್ನು ತೀವ್ರವಾಗಿ ಹಿಂದುಮುಂದಾಗಿ ಹಾಯಿಸಿದರೆ ಅದು ನಡುಗಿ ಶಬ್ದವನ್ನು ಹೊರಡಿಸುವುದು. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ನೌಕೆಗಳನ್ನು ಪತ್ತೆಹಚ್ಚುವುದಕ್ಕಾಗಿ ಪಾಲ್ ಲಾಂಜ್‌ವಾ ಎಂಬ ಫ್ರೆಂಚ್ ವಿಜ್ಞಾನಿಯು ೧೯೧೭ರ ಸುಮಾರಿಗೆ ಈ ತತ್ತ್ವದಿಂದ ಪ್ರಬಲವಾದ ಯಂತ್ರವನ್ನು ರಚಿಸಿದಾಗ, ಅದರ ಮುಂದೆ ಈಜಿದ ಮೀನುಗಳು ಸತ್ತುಹೋದುವು. ಅಮೆರಿಕದ ವುಡ್ ಮತ್ತು ಲೂಮಿಸ್ ೧೯೨೭ರಲ್ಲಿ ಇಂತಹ ಶಬ್ದವು ಜೀವಿಗಳ ಮೇಲೆ ಮಾಡುವ ಪರಿಣಾಮಗಳನ್ನು ವಿಸ್ತಾರವಾಗಿ ಪ್ರಕಟಿಸಿದರು.

ಈ ವಿಷಯದ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಸ್ಥಾನವಿದೆ. ಶ್ರವಣಾತೀತ ತರಂಗಗಳು ಹಾಯುವ ದ್ರವದ ಮೂಲಕ ಬೆಳಕನ್ನು ಬಿಟ್ಟರೆ ಅದು ಕವಲೊಡೆಯುವುದೆಂಬುದು ೧೯೩೨ರಲ್ಲಿ ಅಮೆರಿಕದಲ್ಲಿಯೂ ಫ್ರಾನ್ಸಿನಲ್ಲಿಯೂ ಕಂಡುಬಂದಿತ್ತು. ಭಾರತೀಯ ವಿಜ್ಞಾನ ಮಂದಿರದಲ್ಲಿದ್ದ ಸಿ. ವಿ. ರಾಮನ್ನರೂ ಎನ್. ಎಸ್. ನಾಗೇಂದ್ರನಾಥರೂ ೧೯೩೫–೩೬ರಲ್ಲಿ ಈ ಸಂಗತಿಗೆ ಗಣಿತಶಾಸ್ತ್ರದ ಸಮರ್ಪಕವಾದ ವಿವರಣೆಯನ್ನು ಕೊಟ್ಟರು. ಕಣ್ಣಿಗೂ ಕಿವಿಗೂ ಎಟುಕದ ಶಬ್ದದ ಧಾರೆಯನ್ನು ಬೆಳಕಿನ ಸಹಾಯದಿಂದ ಕಂಡು ಅಳೆಯುವ ವಿಧಾನಗಳಿಗೆ ಆ ವಿವರಣೆಯು ಆಧಾರವಾಯಿತು.

ಪ್ರಕೃತವಿಷಯಕ್ಕೆ ಮುಖ್ಯವಾದ ಗುಣಗಳು ಎರಡು. ಮೊದಲನೆಯದಾಗಿ, ಶ್ರವಣಾತೀತ ಶಬ್ದವು ಮೃದುವಾದ ಅಂಗಗಳ ಮೂಲಕ ಅವುಗಳನ್ನು ಸೀಳದೆ ಆಳಕ್ಕೆ ಹೋಗಬಲ್ಲುದು. ಎರಡನೆಯದಾಗಿ, ಮಸೂರವು ಬಿಸಿಲನ್ನು ಕೂಡಿಸುವಂತೆ ಅದನ್ನು ಒಂದು ನಾಭಿಯಲ್ಲಿ ಕೂಡಿಸಬಹುದು. ಆ ನಾಭಿಯು ಎಷ್ಟು ಚಿಕ್ಕದಾಗಬಹುದೆಂಬುದನ್ನು ತರಂಗದ ಉದ್ದವು ಗೊತ್ತುಮಾಡುವುದು. ಶರೀರದಲ್ಲಿ ಶಬ್ದದ ವೇಗವು ಸೆಕೆಂಡಿಗೆ ಸುಮಾರು ೧,೫೪೦ ಮೀಟರು. ಆದುದರಿಂದ ಸೆಕೆಂಡಿಗೆ ಹತ್ತು ಲಕ್ಷ ಕಂಪನಗಳಿದ್ದರೆ ತರಂಗದ ಉದ್ದ ಒಂದೂವರೆ ಮಿಲಿಮೀಟರಿನಷ್ಟು, ೨,೨೦,೦೦೦ ಕಂಪನಗಳಿದ್ದರೆ ಏಳು ಮಿಲಿಮೀಟರಿನಷ್ಟು. ಕಂಪನವು ಹೆಚ್ಚಿದಷ್ಟೂ ನಾಭಿಯು ಸೂಕ್ಷ್ಮವಾಗುವುದು. ಆದರೆ ತಲೆಬುರುಡೆಯ ಎಲುಬು ಅಷ್ಟೇ ಹೆಚ್ಚಾಗಿ ಶಬ್ದವನ್ನು ಹೀರಿಕೊಳ್ಳುವುದು. ಈ ಎರಡರ ನಡುವೆ ಒಪ್ಪಂದವನ್ನು ಮಾಡಿಕೊಳ್ಳದೆ ಗತಿಯಿಲ್ಲ.

ಪೂರ್ವಕಾಲದ ಪ್ರಯೋಗಗಳೆಲ್ಲ ನಾಭಿಯ ಬಿಸಿಯಿಂದ ಸುಡುವುದರ ಕಡೆಗೆ ತಿರುಗಿದ್ದುವು. ೧೯೪೨ರಲ್ಲಿ ನ್ಯೂಯಾರ್ಕಿನ ಲಿನ್ ಮತ್ತು ಆತನ ಸಹೋದ್ಯೋಗಿಗಳೂ, ೧೯೫೦ರ ದಶಕದಲ್ಲಿ ಇಲಿನಾಯ್ ವಿಶ್ವವಿದ್ಯಾನಿಲಯದ ಫ್ರೈ ಸಹೋದರರೂ ಮಿದುಳಿನ ಒಳಗಿನ ಗೊತ್ತಾದ ಸ್ಥಳವನ್ನು ಹೀಗೆ ನಾಶಮಾಡಬಹುದೆಂದು ತೋರಿಸಿದರು. ಔಷಧಪ್ರವೇಶಕ್ಕೆ ಬೇಕಾದುದು ಇದಕ್ಕೆ ವಿರುದ್ಧವಾದುದು: ಮಿದುಳಿನ ಜೀವಕೋಶಗಳು ನೋಯಬಾರದು, ರಕ್ತನಾಳದ ಸಂದು ಮಾತ್ರ ಸಡಿಲವಾಗಬೇಕು. ಶಬ್ದವೊಂದರಿಂದಲೇ ಇದನ್ನು ಸಾಧಿಸಹೊರಟಾಗ ತಡೆಯು ತೆರೆಯುವುದರೊಡನೆ ಅಂಗಕ್ಕೆ ಹಾನಿಯೂ ಆಗುತ್ತಿತ್ತು. ಶಬ್ದಕ್ಕೆ ಒಬ್ಬ ಸಹಾಯಕನು ಬೇಕಾಗಿದ್ದನು. ಆ ಸಹಾಯಕನು ದೊರೆತದ್ದು ಗುಳ್ಳೆಯ ರೂಪದಲ್ಲಿ.

೪. ಗುಳ್ಳೆಗಳ ಕಾರ್ಯ

ದ್ರವದಲ್ಲಿರುವ ಗುಳ್ಳೆಯು ಕುಸಿಯುವಾಗ ಒಂದು ಬಿಂದುವಿನಲ್ಲಿ ಅತಿ ದೊಡ್ಡ ಒತ್ತಡವು ಉಂಟಾಗುವುದೆಂದು ಲಾರ್ಡ್ ರೇಲಿಯು ೧೯೧೭ರಲ್ಲಿ ಲೆಕ್ಕಹಾಕಿದ್ದನು. ಹಡಗುಗಳ ತಿರುಗುಚಕ್ರಗಳು ನೀರಿನಲ್ಲಿ ಸವೆದುಹೋಗುವುದೇಕೆಂಬುದು ಆಗಿನ ಪ್ರಶ್ನೆ. ಗುಳ್ಳೆಗಳು ವೈದ್ಯಕ್ಕೆ ಬಂದದ್ದು ಬೇರೊಂದು ದಾರಿಯಿಂದ. ರಕ್ತಕ್ಕೆ ಸೇರಿಸಿದ ದ್ರವದಲ್ಲಿನ ಸೂಕ್ಷ್ಮಗುಳ್ಳೆಗಳು ಶ್ರವಣಾತೀತ ಶಬ್ದವನ್ನು ಬಲವಾಗಿ ಪ್ರತಿಧ್ವನಿಸುವುದರಿಂದ ಹೃದಯದ ಚಿತ್ರವು ಸ್ಫುಟವಾಗುವುದೆಂದು ಗ್ರಾಮಿಯಾಕ್ ಮತ್ತು ಷಾ ೧೯೬೮ರಲ್ಲಿ ತಿಳಿಸಿದರು. ಅನಂತರ ಈ ಉದ್ದೇಶಕ್ಕಾಗಿಯೇ ಗುಳ್ಳೆಗಳನ್ನು ತಯಾರಿಸುವುದು ರೂಢಿಗೆ ಬಂತು. ಇವು ರಕ್ತದಲ್ಲಿ ಬೇಗನೆ ಕರಗದ ಅನಿಲವನ್ನು ಕೊಬ್ಬಿನ ಅಥವಾ ಪ್ರೋಟೀನಿನ ತೆಳುಕವಚದಲ್ಲಿ ತುಂಬಿದ ಗುಳ್ಳೆಗಳು. ಇವುಗಳ ವ್ಯಾಸವು ಕೆಲವೇ ಮೈಕ್ರೋಮೀಟರು, ಅಂದರೆ ಕೆಂಪು ರಕ್ತಕಣಕ್ಕಿಂತ ಸಾಮಾನ್ಯವಾಗಿ ಚಿಕ್ಕದು. ಆದುದರಿಂದ ಲೋಮನಾಳಗಳಲ್ಲಿ ತೊಡಕಿಲ್ಲದೆ ಸಾಗುವುವು. ಕೆಲವು ನಿಮಿಷಗಳಲ್ಲಿ ಒಡೆದು, ಅನಿಲವು ಉಸಿರಿನೊಡನೆ ಹೊರಗೆ ಹೋಗುವುದು.

ಶಬ್ದತರಂಗವೆಂಬುದು ಒತ್ತಡದ ಏರಿಳಿತ. ಒತ್ತಡವು ಏರಿದಾಗ ಗುಳ್ಳೆಯು ಕುಗ್ಗುವುದು, ಇಳಿದಾಗ ಹಿಗ್ಗುವುದು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ಉಸಿರಾಡುವಂತೆ ನಡೆದುಕೊಳ್ಳುವುದು. ಲೋಮನಾಳದ ಇಕ್ಕಟ್ಟಿನಲ್ಲಿ ಈ ಆಟವು ನಡೆದರೆ ನಾಳದ ಗೋಡೆಯು ಮೆಲ್ಲನೆ ಎಳೆಯಲ್ಪಟ್ಟು, ಜೀವಕೋಶಗಳ ಬೆಸುಗೆಯು ಸಡಿಲವಾಗುವುದು. ಜೀವಕೋಶಗಳ ಮೂಲಕವೇ ದ್ರವ್ಯಗಳು ಸಾಗುವುದೂ ಹೆಚ್ಚುವುದು. ಗುಳ್ಳೆಯೇ ಕೆಲಸವನ್ನು ಮಾಡುವುದರಿಂದ ಶಬ್ದದ ಬಲವನ್ನು ಬಹಳ ಕಡಿಮೆಯಾಗಿಸಬಹುದು. ಮಿದುಳು ಬಿಸಿಯಾಗುವ ಭಯವು ಬಹುಮಟ್ಟಿಗೆ ತಪ್ಪುವುದು. ಗುಳ್ಳೆಯು ರಕ್ತನಾಳದ ಒಳಗೇ ಇರುವುದರಿಂದ ಪರಿಣಾಮವೂ ರಕ್ತನಾಳದಲ್ಲಿಯೇ ಮೊದಲಾಗುವುದು. ಬಾಸ್ಟನ್ನಿನಲ್ಲಿ ಹೈನಿನೆನ್ ಮತ್ತು ಆತನ ಸಂಗಡಿಗರು ಮೊಲಗಳ ಮೇಲೆ ನಡೆಸಿ ೨೦೦೧ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಮಾರ್ಗಕ್ಕೆ ಅಡಿಗಲ್ಲಾದುವು. ಅಯಸ್ಕಾಂತದ ಬಲದಿಂದ ಶರೀರದ ಒಳಗನ್ನು ಚಿತ್ರಿಸುವ ಎಂ. ಆರ್. ಐ. ಯಂತ್ರದಲ್ಲಿಯೇ ಈ ಕೆಲಸವನ್ನು ನಡೆಸಿದ್ದರಿಂದ, ಗುರಿಯಿಟ್ಟ ಸ್ಥಳವೇ ತೆರೆಯಿತೆಂಬುದು ಚಿತ್ರದಲ್ಲಿ ಕಾಣುವಂತಾಯಿತು.

ಆದರೆ ಇಲ್ಲಿ ಹದವೆಂಬುದು ಅತಿ ಮುಖ್ಯ. ಬಲವು ಕಡಿಮೆಯಾದರೆ ತಡೆಯು ತೆರೆಯದು. ಹೆಚ್ಚಾದರೆ ಗುಳ್ಳೆಯು ರೇಲಿಯು ಲೆಕ್ಕಹಾಕಿದ ರೀತಿಯಲ್ಲಿ ರಭಸದಿಂದ ಕುಸಿದು ನಾಳವನ್ನೇ ಹರಿದು, ಸೂಕ್ಷ್ಮ ರಕ್ತಸ್ರಾವವನ್ನುಂಟುಮಾಡುವುದು. ಈ ಹದವನ್ನು ಅರಿಯುವುದಕ್ಕೆ ಗುಳ್ಳೆಗಳೇ ಸಾಕ್ಷಿ. ಸಮವಾಗಿ ಹಿಗ್ಗಿಕುಗ್ಗುವ ಗುಳ್ಳೆಯು ಗೊತ್ತಾದ ಕೆಲವು ಸ್ವರಗಳನ್ನು ಮರಳಿ ಹೊರಡಿಸುವುದು. ರಭಸದಿಂದ ಕುಸಿಯುವ ಗುಳ್ಳೆಯ ಧ್ವನಿಯಲ್ಲಿ ಸ್ವರಗಳ ಕ್ರಮವಿಲ್ಲದೆ ಗದ್ದಲವು ತುಂಬಿರುವುದು. ಸೂಕ್ಷ್ಮವಾದ ಗ್ರಾಹಕಗಳಿಂದ ಇದನ್ನು ಆಲಿಸುತ್ತ, ಗದ್ದಲವು ತೋರುವ ಮೊದಲೇ ಬಲವನ್ನು ತಗ್ಗಿಸುವ ಏರ್ಪಾಡು ಬಳಕೆಗೆ ಬಂದಿದೆ.

೫. ರೋಗಿಗಳಲ್ಲಿ ನಡೆದ ಪರೀಕ್ಷೆಗಳು

ತಲೆಬುರುಡೆಯನ್ನು ದಾಟುವುದಕ್ಕೆ ಎರಡು ಉಪಾಯಗಳು ರೂಪುಗೊಂಡಿವೆ. ಒಂದರಲ್ಲಿ ರೋಗಿಯ ತಲೆಗೆ ಶಿರಸ್ತ್ರಾಣದಂತಹ ಯಂತ್ರವನ್ನು ಇಡುತ್ತಾರೆ. ಅದರ ಒಳಮೈಯಲ್ಲಿ ಸಾವಿರಕ್ಕೂ ಮೇಲ್ಪಟ್ಟು ಶಬ್ದೋತ್ಪಾದಕಗಳಿರುವುವು. ಎಲುಬಿನ ದಪ್ಪವು ಎಲ್ಲೆಡೆಯಲ್ಲಿಯೂ ಒಂದೇ ಸಮವಾಗಿಲ್ಲವಾದುದರಿಂದ ತರಂಗಗಳು ಹಿಂದುಮುಂದಾಗಿ ತಲಪಿ ನಾಭಿಯು ಚದರಿಹೋಗಬಹುದು. ಅದಕ್ಕಾಗಿ ಬುರುಡೆಯ ಕ್ಷಕಿರಣಚಿತ್ರವನ್ನು ಮೊದಲೇ ತೆಗೆದು, ಪ್ರತಿಯೊಂದು ಉತ್ಪಾದಕವೂ ಎಷ್ಟು ತಡೆದು ಶಬ್ದವನ್ನು ಬಿಡಬೇಕೆಂದು ಲೆಕ್ಕಹಾಕುತ್ತಾರೆ. ಹೀಗೆ ಶಸ್ತ್ರವಿಲ್ಲದೆ ಅರ್ಬುದರೋಗಿಯ ಮಿದುಳಿನ ತಡೆಯನ್ನು ತೆರೆದ ಸಂಗತಿಯನ್ನು ಟೊರಾಂಟೊ ನಗರದ ಸನ್ನಿಬ್ರೂಕ್ ಆಸ್ಪತ್ರೆಯವರು ಮೊದಲಬಾರಿಗೆ ೨೦೧೫ರಲ್ಲಿ ತಿಳಿಸಿದರು. ೨೦೧೯ರಲ್ಲಿ ಪ್ರಕಟವಾದ ಐವರು ರೋಗಿಗಳ ವರದಿಯಂತೆ, ತೆರೆದ ತಡೆಯು ಸುಮಾರು ೨೦ ಗಂಟೆಗಳಲ್ಲಿ ಮತ್ತೆ ಮುಚ್ಚಿಕೊಂಡಿತ್ತು. ೨೦೨೧ರಲ್ಲಿ ಅಲ್ಲಿಯವರೇ, ಸ್ತನದ ಅರ್ಬುದವು ಮಿದುಳಿಗೆ ಹರಡಿದ್ದ ನಾಲ್ವರು ರೋಗಿಗಳಲ್ಲಿ ಟ್ರಾಸ್ಟುಜುಮಾಬಿಗೆ ವಿಕಿರಣಶೀಲವಾದ ಇಂಡಿಯಮ್ಮನ್ನು ಗುರುತಾಗಿ ಕೂಡಿಸಿ, ಆ ದೊಡ್ಡ ಅಣುವು ಗುರಿಯಿಟ್ಟ ಗೆಡ್ಡೆಗಳನ್ನು ಹೆಚ್ಚಾಗಿ ಸೇರಿತೆಂಬುದನ್ನು ಚಿತ್ರಗಳಿಂದ ತೋರಿಸಿದರು.

ಇನ್ನೊಂದು ಉಪಾಯವು ಪ್ಯಾರಿಸ್ಸಿನಲ್ಲಿ ಹುಟ್ಟಿದುದು. ಗೆಡ್ಡೆಯನ್ನು ತೆಗೆಯುವ ಶಸ್ತ್ರಕ್ರಿಯೆಯ ಸಮಯದಲ್ಲಿಯೇ ಎಲುಬಿನ ಕಿಟಕಿಯಲ್ಲಿ ಚಿಕ್ಕದೊಂದು ಶಬ್ದೋತ್ಪಾದಕವನ್ನು ಹುದುಗಿಸಿ, ಬಳಿಕ ಪ್ರತಿ ಸಲವೂ ಚರ್ಮದ ಮೂಲಕ ಸೂಜಿಯಿಂದ ಅದಕ್ಕೆ ವಿದ್ಯುತ್ತನ್ನು ಒದಗಿಸುವುದು ಇದರ ಕ್ರಮ. ಇಲ್ಲಿ ನಾಭಿಯಿಲ್ಲ, ಉತ್ಪಾದಕದ ಕೆಳಗಣ ಪ್ರದೇಶವೆಲ್ಲ ತೆರೆಯುವುದು. ಕಾರ್ಪೆಂಟಿಯೆ ಮತ್ತು ಸಂಗಡಿಗರು ಈ ಕ್ರಮದಿಂದ ಕಾರ್ಬೊಪ್ಲಾಟಿನ್ ಔಷಧವನ್ನು ಕೊಟ್ಟ ಪರೀಕ್ಷೆಯ ಮೊದಲ ವರದಿಯು ೨೦೧೬ರಲ್ಲಿ ಹೊರಬಂತು. ಅನಂತರ ಒಂಬತ್ತು ಉತ್ಪಾದಕಗಳುಳ್ಳ ಯಂತ್ರವನ್ನು ಶಿಕಾಗೊ ನಗರದಲ್ಲಿ ರೋಗವು ಮರುಕಳಿಸಿದ ೧೭ ಮಂದಿಗೆ ಹುದುಗಿಸಿ, ಪ್ಯಾಕ್ಲಿಟಾಕ್ಸೆಲ್ ಔಷಧವನ್ನು ಕೊಟ್ಟರು. ಅದರ ಫಲವು ೨೦೨೩ರಲ್ಲಿ ಪ್ರಕಟವಾಯಿತು. ಶಸ್ತ್ರಕ್ರಿಯೆಯ ಮಧ್ಯದಲ್ಲಿ ಶಬ್ದವು ತಾಕಿದ ಮತ್ತು ತಾಕದ ಭಾಗಗಳಿಂದ ಚೂರುಗಳನ್ನು ತೆಗೆದು ಹೋಲಿಸಿದಾಗ, ತಾಕಿದ ಭಾಗದಲ್ಲಿ ಪ್ಯಾಕ್ಲಿಟಾಕ್ಸೆಲ್ ಸರಾಸರಿ ೩.೭ ಪಟ್ಟು, ಕಾರ್ಬೊಪ್ಲಾಟಿನ್ ೫.೯ ಪಟ್ಟು ಹೆಚ್ಚಾಗಿತ್ತು. ಇನ್ನೊಂದು ಸಂಗತಿಯೂ ಅದರಿಂದ ತಿಳಿದುಬಂತು: ತಡೆಯು ಮುಚ್ಚಿಕೊಳ್ಳುವುದರ ಬಹುಭಾಗವು ಮೊದಲ ಒಂದು ಗಂಟೆಯೊಳಗೇ ನಡೆಯುವುದು. ಆದುದರಿಂದ ಔಷಧವು ಆ ಗಳಿಗೆಗೆ ಸರಿಯಾಗಿ ರಕ್ತದಲ್ಲಿರಬೇಕು; ಸ್ಥಳದಂತೆಯೇ ಕಾಲವೂ ಇಲ್ಲಿ ಗುರಿಯ ಭಾಗವಾಯಿತು.

ಮಿದುಳಿನ ಹೊರಗೂ ಈ ಮಾರ್ಗವು ಪರೀಕ್ಷಿತವಾಗಿದೆ. ಆಕ್ಸ್‌ಫರ್ಡಿನಲ್ಲಿ ಪಿತ್ತಜನಕಾಂಗದ ಗೆಡ್ಡೆಗಳಿದ್ದ ಹತ್ತು ಮಂದಿಗೆ, ಸುಮಾರು ೩೯.೫ ಡಿಗ್ರಿ ಸೆಂಟಿಗ್ರೇಡಿಗಿಂತ ಮೇಲೆ ಕರಗುವ ಕೊಬ್ಬಿನ ಕೋಶಗಳಲ್ಲಿ ಡಾಕ್ಸೊರುಬಿಸಿನ್ನನ್ನು ತುಂಬಿ ಕೊಟ್ಟು, ಶಬ್ದದ ನಾಭಿಯಿಂದ ಗೆಡ್ಡೆಯನ್ನು ಮಾತ್ರ ಮೆಲ್ಲನೆ ಬಿಸಿಮಾಡಿದರು. ಗೆಡ್ಡೆಯಲ್ಲಿ ಔಷಧವು ಸರಾಸರಿ ೩.೭ ಪಟ್ಟು ಹೆಚ್ಚಿತೆಂದು ೨೦೧೮ರ ವರದಿಯು ತಿಳಿಸಿತು. ನಾರ್ವೆಯ ಬೆರ್ಗೆನ್ನಿನಲ್ಲಿ ಮೇದೋಜೀರಕ ಗ್ರಂಥಿಯ ಅರ್ಬುದವಿದ್ದ ಹತ್ತು ಮಂದಿಗೆ ಗುಳ್ಳೆಗಳನ್ನೂ ಸಾಮಾನ್ಯವಾದ ಶ್ರವಣಾತೀತ ಯಂತ್ರವನ್ನೂ ಉಪಯೋಗಿಸಿದಾಗ ಮಧ್ಯಮ ಜೀವಿತಾವಧಿಯು ೧೭.೬ ತಿಂಗಳಾಗಿತ್ತು, ಅದೇ ಔಷಧವನ್ನು ಹಿಂದೆ ಶಬ್ದವಿಲ್ಲದೆ ಪಡೆದವರದು ೮.೯ ತಿಂಗಳಾಗಿತ್ತೆಂದು ೨೦೧೬ರಲ್ಲಿ ಪ್ರಕಟವಾಯಿತು.

೬. ಪ್ರವೇಶವೂ ಪ್ರಯೋಜನವೂ

ಈ ಅಂಕಿಗಳನ್ನು ಓದುವಾಗ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿಟ್ಟುಕೊಳ್ಳುವುದು ಅವಶ್ಯ. ಔಷಧವು ಗುರಿಯನ್ನು ಹೆಚ್ಚಾಗಿ ಸೇರಿತೆ ಎಂಬುದು ಒಂದು. ಅದರಿಂದ ರೋಗಿಯು ಹೆಚ್ಚು ಕಾಲ ಅಥವಾ ಹೆಚ್ಚು ಸುಖವಾಗಿ ಬದುಕಿದನೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಹೌದೆಂಬ ಉತ್ತರವು ದೊರೆತಿದೆ. ಎರಡನೆಯದಕ್ಕೆ ಮೇಲಿನ ಪರೀಕ್ಷೆಗಳಾವುವೂ ಉತ್ತರವನ್ನು ಕೊಡಲಾರವು. ಅವು ಅಪಾಯವನ್ನೂ ಸಾಧ್ಯತೆಯನ್ನೂ ಅಳೆಯುವುದಕ್ಕಾಗಿ ಕೆಲವೇ ರೋಗಿಗಳಲ್ಲಿ ನಡೆದುವು. ಬೆರ್ಗೆನ್ನಿನ ಹೋಲಿಕೆಯು ಹಿಂದಿನ ಕಾಲದ ಬೇರೆ ರೋಗಿಗಳೊಡನೆ ಮಾಡಿದುದು. ೨೦೧೯ರಲ್ಲಿ ಪ್ರಕಟವಾದ ಪ್ಯಾರಿಸ್ಸಿನ ಮುಂದಿನ ವರದಿಯಲ್ಲಿ, ತಡೆಯು ಚೆನ್ನಾಗಿ ತೆರೆದ ರೋಗಿಗಳು ಸುಮಾರು ಹದಿಮೂರು ತಿಂಗಳೂ, ತೆರೆಯದವರು ಸುಮಾರು ಎಂಟೂವರೆ ತಿಂಗಳೂ ಬದುಕಿದರೆಂಬುದು ನಿಜ. ಆದರೆ ಹುದುಗಿಸಿದ ಒಂದೇ ಉತ್ಪಾದಕದ ವ್ಯಾಪ್ತಿಗೆ ಒಳಪಡುವಷ್ಟು ಚಿಕ್ಕದಾದ ಗೆಡ್ಡೆಯುಳ್ಳವನ ರೋಗವು ಮೊದಲಿನಿಂದಲೇ ಸ್ವಲ್ಪ ಸೌಮ್ಯವಾಗಿದ್ದಿರಬಹುದಲ್ಲವೆ? ಚೀಟಿಯೆತ್ತಿದಂತೆ ರೋಗಿಗಳನ್ನು ಎರಡು ಗುಂಪುಗಳಾಗಿ ಹಂಚಿ ಹೋಲಿಸದ ಹೊರತು ಈ ಸಂಶಯವು ಪರಿಹಾರವಾಗದು.

ಇದು ಕೇವಲ ತರ್ಕದ ಎಚ್ಚರಿಕೆಯಲ್ಲ. ಇದಕ್ಕೆ ಅನುಭವದ ಆಧಾರವಿದೆ. ಆಕ್ಸ್‌ಫರ್ಡಿನಲ್ಲಿ ಬಳಸಿದ ಅದೇ ಬಿಸಿಗೆ ಕರಗುವ ಔಷಧವನ್ನು, ಶಬ್ದದಿಂದಲ್ಲದೆ ರೇಡಿಯೊ ಕಂಪನದ ವಿದ್ಯುತ್ತಿನಿಂದ ಪಿತ್ತಜನಕಾಂಗದ ಗೆಡ್ಡೆಯನ್ನು ಸುಡುವ ಚಿಕಿತ್ಸೆಯೊಡನೆ ಕೂಡಿಸಿ, ೭೦೧ ರೋಗಿಗಳಲ್ಲಿ ಮೊದಲೇ ಪರೀಕ್ಷಿಸಲಾಗಿತ್ತು. ಔಷಧವನ್ನು ಕೂಡಿಸಿದುದರಿಂದ ರೋಗವು ಮುಂದುವರಿಯುವುದು ತಡವಾಗಲಿಲ್ಲವೆಂದು ೨೦೧೩ರಲ್ಲಿ ತಿಳಿದುಬಂತು. ಉಪಾಯವು ಯುಕ್ತಿಯುಕ್ತವಾಗಿದ್ದ ಮಾತ್ರಕ್ಕೆ ಫಲವು ಸಿದ್ಧವಲ್ಲ.

ಅಪಾಯದ ಮಾತೂ ಉಂಟು. ತೆರೆದ ಬಾಗಿಲು ಔಷಧಕ್ಕೂ ವಿಷಕ್ಕೂ ಒಂದೇ; ರಕ್ತದಲ್ಲಿ ಇರತಕ್ಕುದಲ್ಲದ ಯಾವುದು ಇದ್ದರೂ ಅದೂ ಒಳಹೋಗಬಹುದು. ಆರೋಗ್ಯವಾದ ಮಿದುಳಿನ ಭಾಗವೂ ಅರ್ಬುದನಾಶಕವಾದ ಔಷಧವನ್ನು ಸೇವಿಸಬೇಕಾಗುವುದು. ಶಿಕಾಗೊ ಪರೀಕ್ಷೆಯಲ್ಲಿ ಔಷಧದ ಪ್ರಮಾಣವನ್ನು ಏರಿಸಿದಾಗ ಮಿದುಳಿನ ಕಾರ್ಯದಲ್ಲಿ ತೀವ್ರವಾದ ಏರುಪೇರು ಕಾಣಿಸಿಕೊಂಡದ್ದುಂಟು. ಆದುದರಿಂದ ಯಾವ ಔಷಧವನ್ನು ಒಳಹೊಗಿಸಬೇಕೆಂಬುದರ ಆಯ್ಕೆಯು ಬಾಗಿಲನ್ನು ತೆರೆಯುವ ಕೌಶಲಕ್ಕಿಂತ ಕಡಿಮೆಯಾದ ಕೆಲಸವಲ್ಲ.

ಈ ಮಿತಿಗಳಿಂದ ನಡೆದ ಕಾರ್ಯದ ಬೆಲೆಯು ಕುಗ್ಗುವುದಿಲ್ಲ. ಎರ್ಲಿಕ್ ಕಂಡ ತಡೆಯು ಒಂದು ಶತಮಾನಕ್ಕೂ ಹೆಚ್ಚು ಕಾಲ ಔಷಧಶಾಸ್ತ್ರಕ್ಕೆ ಎಲ್ಲೆಯಾಗಿ ನಿಂತಿತ್ತು. ಅದನ್ನು ಬೇಕಾದ ಸ್ಥಳದಲ್ಲಿ, ಬೇಕಾದ ಕಾಲದಲ್ಲಿ, ಮತ್ತೆ ತಾನಾಗಿ ಮುಚ್ಚಿಕೊಳ್ಳುವಂತೆ ತೆರೆಯಬಹುದೆಂಬುದು ಈಗ ಊಹೆಯಲ್ಲ, ಅಳತೆಗೆ ಸಿಕ್ಕಿದ ಸಂಗತಿ. ಇದರಿಂದ, ಮಿದುಳನ್ನು ಸೇರಲಾರವೆಂದು ಬದಿಗಿರಿಸಿದ್ದ ಔಷಧಗಳನ್ನು ಪುನಃ ಪರಿಶೀಲಿಸುವುದಕ್ಕೆ ಅವಕಾಶವಾಗಿದೆ. ಶಸ್ತ್ರವೈದ್ಯನ ಕತ್ತಿಯು ಬಿಟ್ಟುಬಂದ ಅಂಚಿನ ಜೀವಕೋಶಗಳನ್ನು ಅವುಗಳಲ್ಲಿ ಯಾವುದಾದರೂ ಒಂದು ನಿಜವಾಗಿ ನಾಶಮಾಡಿ, ಸಮಾನವಾದ ಎರಡು ಗುಂಪುಗಳ ಹೋಲಿಕೆಯಲ್ಲಿ ರೋಗಿಯ ಆಯುಸ್ಸನ್ನು ಹೆಚ್ಚಿಸಿದುದು ಕಂಡುಬಂದ ದಿನವೇ ಈ ವಿಧಾನವು ಪ್ರಯೋಗಶಾಲೆಯಿಂದ ಚಿಕಿತ್ಸಾಶಾಸ್ತ್ರಕ್ಕೆ ಸೇರಿತೆಂದು ಹೇಳಬೇಕು.